ಬಿಬಿಯ ಎಡಗಡೆಯ ಶಾಫ್ಟು

ನಮ್ಮ ಗಾಡಿಯ ಹೆಸರು ಬಿಬಿ, ಅಂದರೆ ಅಜ್ಜಿ. ನನ್ನ ಗಂಡ ಬಕಾರಿ ಅದನ್ನು ಮರದ ಮಿಲ್ಲಿನವರಿಂದ ಕೊಂಡು ತಂದಾಗಲೇ ಅದರ ವಯಸ್ಸು ನನ್ನದಕ್ಕಿಂತ ಹೆಚ್ಚಾಗಿತ್ತು. ನಾಲ್ಕು ಚಕ್ರವೂ ಎಳೆಯುವ, ಹಿಂದೆ ಉದ್ದನೆಯ ತೊಟ್ಟಿಯಿರುವ ಟ್ರಕ್ಕು. ಬಂದು ನಿಂತ ಮಾರನೆಯ ದಿನ ನೋಡಿದರೆ ಅಂಗಳದಲ್ಲಿ ನಾಲ್ಕು ಕಡೆ ಎಣ್ಣೆ ಸುರಿಸಿತ್ತು. ಬಕಾರಿ ಒಂದೊಂದು ಕಡೆಯೂ ಖಾಲಿ ಮೀನಿನ ಡಬ್ಬಿ ಇಟ್ಟ. ದಿನಾ ಬೆಳಿಗ್ಗೆ ಡಬ್ಬಿಯ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ವಾಪಸು ಅದಕ್ಕೇ ಕುಡಿಸುತ್ತಿದ್ದ. ಹಸುವಿನ ಹಾಲು ಕರೆದು ಹಸುವಿಗೇ ಕುಡಿಸುವ ಗಂಡಸನ್ನು ಕಟ್ಟಿಕೊಂಡೆನಲ್ಲ ಅಂತ ನಾನು ಹಣೆ ಚಚ್ಚಿಕೊಂಡೆ.

ಹಳೇ ಗಾಡಿ ಸಾಕುವುದೆಂದರೆ ಏನು ಅಂತ ನಮ್ಮೂರು ರಂಗ್ವಿಯಲ್ಲಿ ಯಾರಾದರೂ ತಿಳಿಯಬೇಕಾದರೆ ನನ್ನನ್ನು ಕೇಳಬೇಕು. ಬ್ರೇಕಿನ ರಬ್ಬರು ಸೋರುತ್ತದೆ. ಒಂದು ಸಲ ಒತ್ತಿದರೆ ಪೆಡಲು ಹೋಗಿ ನೆಲಕ್ಕೆ ಕೂರುತ್ತದೆ, ಮೂರು ಸಲ ಒತ್ತಿದರೆ ಮಾತ್ರ ಗಾಡಿ ನಿಲ್ಲುತ್ತದೆ. ಸ್ಟೇರಿಂಗನ್ನು ಒಂದಿಷ್ಟು ಸುಮ್ಮನೆ ತಿರುಗಿಸಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತದೆ. ಮಳೆ ಬಂದರೆ ತಂತಿಗಳಿಗೆ ತೇವ ಹಿಡಿದು ಇಂಜಿನ್ನು ಮುನಿಸಿಕೊಳ್ಳುತ್ತದೆ, ಬಿಸಿಲು ಬಂದರೆ ಪೆಟ್ರೋಲು ದಾರಿಯಲ್ಲೇ ಆವಿಯಾಗಿ ಇನ್ನೊಂದು ಥರ ಮುನಿಸು. ಈದ್‌ಗೆ ಹೊಸ ಕಂಗಾ ಉಡಬೇಕು ಅಂತ ಎತ್ತಿಟ್ಟ ದುಡ್ಡು ಕ್ಲಚ್ ಪ್ಲೇಟಾಗಿ ಹೋದ ವರ್ಷಗಳುಂಟು. ಮಗಳು ಝೈನಾಳ ಮದುವೆಗೆಂದು ಸಾಕಿದ್ದ ಹೋರಿಯನ್ನು ರೇಡಿಯೇಟರು ತಿಂದಿತು.

ಇವೆಲ್ಲದಕ್ಕಿಂತ ಕೆಟ್ಟದ್ದು ಹಿಂದಿನ ಎಡಗಡೆಯ ಆಕ್ಸಲ್ ಶಾಫ್ಟು. ಹಿಂದಿನ ಚಕ್ರವನ್ನು ಒಳಗಿನಿಂದ ತಿರುಗಿಸುವ ಕಬ್ಬಿಣದ ದಂಡ ಅದು. ನನ್ನ ತೋಳಿಗಿಂತ ದಪ್ಪವಿಲ್ಲ, ಅದರ ಮೇಲೆ ಇಡೀ ಬೆಟ್ಟದ ಕೋಸು ಕೂರುತ್ತದೆ. ಅದು ಮುರಿಯುತ್ತದೆ. ಯಾವಾಗ ಅಂತ ಹೇಳಲಿಕ್ಕಾಗದು, ಆದರೆ ಮುರಿದೇ ಮುರಿಯುತ್ತದೆ. ಅದಕ್ಕೇ ಬಕಾರಿ ಒಂದು ಶಾಫ್ಟನ್ನು ಯಾವಾಗಲೂ ಸೀಟಿನ ಹಿಂದೆ ಇಟ್ಟುಕೊಂಡಿರುತ್ತಿದ್ದ.

ಆದರೂ ಬಿಬಿಯನ್ನು ಬಿಡಲಿಲ್ಲ. ಮಾಸಿಕಾ ಅನ್ನುವ ದೊಡ್ಡ ಮಳೆ ಹಿಡಿದರೆ ನಮ್ಮ ದಾರಿ ಕೆಂಪು ಸಾಬೂನಾಗುತ್ತದೆ. ಹೊಸ ಲಾರಿಗಳು ಪೇಟೆಯ ದಾರಿಯಲ್ಲಿ ಸಿಗುವ ಮಗಂಬಾದಲ್ಲೇ ನಿಂತು ಮೇಲೆ ನೋಡಿ ವಾಪಸು ಹೋಗುತ್ತವೆ. ರಂಗ್ವಿಯ ಹೆಂಗಸರ ಕೋಸು, ಕ್ಯಾರೆಟ್ಟು, ಮರಸೇಬು ಎಲ್ಲವೂ ಲುಶೋಟೊ ಪೇಟೆಯಿಂದ ಸಂಜೆ ಹೊರಡುವ ದಾರ್ ಪಟ್ಟಣದ ಲಾರಿಯನ್ನು ಸೇರಬೇಕಾದರೆ ಬಿಬಿಯೊಂದೇ ಗತಿ. ಬಕಾರಿ ಸತ್ತ ಮೇಲೂ ಹೆಂಗಸರು ಮೂಟೆ ಹೊತ್ತು ನನ್ನ ಅಂಗಳಕ್ಕೇ ಬಂದರು. ಗಾಡಿ ಓಡಿಸಲು ಅವನ ತಮ್ಮ ಸಾಲೆಹೆ ಇದ್ದ. ಪಕ್ಕದ ಸೀಟಿನಲ್ಲಿ ಬೈಯಲು ನಾನಿದ್ದೆ.

ಬಕಾರಿ ತೀರಿಕೊಂಡ ದಿನದ ಒಂದು ವಿಷಯ ಹೇಳಲೇಬೇಕು. ನಾವು ಸಂಬಾ ಜನ, ಬೆಟ್ಟದವರು. ಕೆಳಗಿನ ಬಯಲಿನ ಝಿಗುವಾ ಜನ ನಮಗೆ ಮ್ತಾನಿಗಳು. ಮ್ತಾನಿ ಅಂದರೆ ಬೈಯುವ ನೆಂಟ. ಅವನು ಏನಂದರೂ ಸಿಟ್ಟಾಗುವ ಹಾಗಿಲ್ಲ, ಅವನನ್ನು ಏನಂದರೂ ಅವನು ಸಿಟ್ಟಾಗುವ ಹಾಗಿಲ್ಲ. ಸಾವಿನ ಮನೆಗೆ ಮ್ತಾನಿ ಬಂದು ಸತ್ತವನನ್ನೇ ಅಣಕಿಸಬೇಕು, ಅಳುವವರನ್ನು ನಗಿಸಬೇಕು, ಕೈಗೆ ಸಿಕ್ಕಿದ ಒಂದು ವಸ್ತುವನ್ನು ಹೊತ್ತುಕೊಂಡು ಹೋಗಬೇಕು. ಆಮೇಲೆ ಮನೆಯವರು ಹೋಗಿ ಏನಾದರೂ ಕೊಟ್ಟು ಬಿಡಿಸಿಕೊಂಡು ಬರಬೇಕು. ಹಾಗೆ ಬಿಡಿಸಿಕೊಂಡು ಬಂದರೆ ಸೂತಕ ಮುಗಿದು ಬದುಕು ಮತ್ತೆ ಶುರುವಾಯಿತು ಅಂತ.

ನಮ್ಮ ಮ್ತಾನಿ ಸೆಂಬೋಜಾ. ಮಗಂಬಾದಲ್ಲಿ ಗಾಡಿ ರಿಪೇರಿ ಮಾಡುವ ಫುಂಡಿ, ಬಕಾರಿಯ ಜೀವದ ಗೆಳೆಯ. ಅವತ್ತು ಗಂಡಸರು ದಫನ್ ಮುಗಿಸಿ ಬಂದ ಮೇಲೆ ಅವನು ಅಂಗಳದಲ್ಲಿ ನಿಂತಿದ್ದ ಬಿಬಿಯೊಳಗೆ ಹತ್ತಿ ಕೂತ. ಬಕಾರಿಯ ಟೋಪಿ ಹಾಕಿಕೊಂಡ. ಬ್ರೇಕನ್ನು ಮೂರು ಸಲ ಒತ್ತಿ, ಇಲ್ಲದ ಪ್ಯಾಸೆಂಜರುಗಳನ್ನು ಬೈದು, ಬಕಾರಿ ಕೆಮ್ಮುತ್ತಿದ್ದ ಹಾಗೆಯೇ ಕೆಮ್ಮಿದ. ಎರಡು ಸಣ್ಣ ಕೆಮ್ಮು, ಒಂದು ದೊಡ್ಡದು. ಅಂಗಳವೆಲ್ಲ ನಕ್ಕಿತು. ನಾನು ಒಳಗೆ ಹೆಂಗಸರ ನಡುವೆ ಕೂತಿದ್ದವಳು ಆ ಕೆಮ್ಮು ಕೇಳಿ ಎದ್ದೆ. ಗಂಡ ಬಂದ, ಚಹಾ ಬಗ್ಗಿಸಬೇಕು ಅಂತ ಎದ್ದು ಕೆಟಲಿಗೆ ಕೈ ಹಾಕಿದ್ದೆ. ಆಗ ನೆನಪಾಯಿತು. ಸೆಂಬೋಜಾ ಸೀಟಿನ ಹಿಂದಿನ ಶಾಫ್ಟನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾ ಹೋದದ್ದನ್ನು ಕಿಟಕಿಯಿಂದ ನೋಡಿದೆ. ಅವನನ್ನು ನಾನು ಕ್ಷಮಿಸಲಿಲ್ಲ. ವಿಧವೆ ಮನೆಯಲ್ಲೇ ಇರಬೇಕಾದ ಇದ್ದತ್ ಮುಗಿದ ಮೇಲೂ ಶಾಫ್ಟು ಬಿಡಿಸಿಕೊಳ್ಳಲು ಹೋಗಲಿಲ್ಲ. ಮಗಂಬಾ ದಾಟುವಾಗ ಮುಖ ಆಚೆ ತಿರುಗಿಸಿ ಕೂರುತ್ತಿದ್ದೆ. ರಿಪೇರಿಗೆ ಇನ್ನೂ ದೂರದ ಲುಶೋಟೊಗೆ ಹೋಗಿ ಹೆಚ್ಚಿಗೆ ಕೊಟ್ಟು ಬರುತ್ತಿದ್ದೆ.

ಹೀಗಿರುವಾಗ ಅರುಷಾದಿಂದ ಕವಿಶೆ ಅನ್ನುವ ಹೋಟೆಲಿನವನು ಬಂದ. ಬಿಬಿಯ ಸುತ್ತ ಎರಡು ಸುತ್ತು ಹಾಕಿದ, ಬಾಗಿಲು ತಟ್ಟಿ ನೋಡಿದ.

"ಮಾಮಾ, ಇದನ್ನ ನಮ್ಮ ಹೋಟೆಲ್ ಮುಂದೆ ಹುಲ್ಲಿನ ಮೇಲೆ ನಿಲ್ಲಿಸ್ತೀವಿ. ಹಿಂದಿನ ತೊಟ್ಟಿ ತುಂಬ ಹೂವಿನ ಗಿಡ. ಬಂದೋರೆಲ್ಲ ಫೋಟೋ ತೆಗೆಸ್ಕೋತಾರೆ" ಅಂದ. ನಮ್ಮಲ್ಲಿ ಮಾಮಾ ಅಂದರೆ ಅಮ್ಮ; ಊರಿಗೆಲ್ಲ ನಾನು ಮಾಮಾ ಝೈನಾ, ಝೈನಾಳ ಅಮ್ಮ.

"ಇಂಜಿನ್ ನೋಡಲ್ವಾ?" ಅಂದೆ.

"ಓಡದಿದ್ರೂ ಪರವಾಗಿಲ್ಲ ಮಾಮಾ."

ಆ ಮಾತು ನನಗೆ ಚುಚ್ಚಿತು. ಆದರೆ ಅವನು ಹೇಳಿದ ಬೆಲೆಯೂ ಸಣ್ಣದಲ್ಲ. ಆ ತಿಂಗಳೇ ಬ್ರೇಕಿಗೆ, ರೇಡಿಯೇಟರಿನ ಬೆಸುಗೆಗೆ, ಟಯರಿಗೆ ಅಂತ ಕೈ ಬರಿದಾಗಿತ್ತು. ಇನ್ನೊಂದು ದೊಡ್ಡ ಪೆಟ್ಟು ಬಿದ್ದರೆ ತಡೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಈ ಲೋಡು ಲುಶೋಟೊ ಮುಟ್ಟಲಿ, ಆಮೇಲೆ ಹೇಳುತ್ತೇನೆ ಅಂದೆ. ಮುಟ್ಟದಿದ್ದರೆ ಕೊಟ್ಟುಬಿಡುವುದು ಅಂತ ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ.

ಲೋಡು ಹೊರಟ ದಿನ ಬೆಳಿಗ್ಗೆಯೇ ಮಳೆ ಬಂದು ನಿಂತಿತ್ತು. ಮಗಂಬಾಕ್ಕೆ ಇನ್ನೊಂದು ತಾಸಿನ ನಡಿಗೆ ಇದೆ ಅನ್ನುವಲ್ಲಿ ಒಂದು ಸಣ್ಣ ಏರು ಬರುತ್ತದೆ. ಸಾಲೆಹೆ ಜೋರಾಗಿ ಬಿಟ್ಟ. ಹಿಂದಿನ ಚಕ್ರ ಕೆಸರಿನಲ್ಲಿ ಗಿರ್ರನೆ ತಿರುಗಿ, ತಿರುಗಿ, ಒಂದು ಕಲ್ಲು ಕಚ್ಚಿಕೊಂಡಿತು. ಕೆಳಗೆ ಟಕ್ ಅಂದಿತು. ಇಂಜಿನ್ನು ಕೂಗುತ್ತಲೇ ಇತ್ತು, ಗೇರು ಬಿದ್ದೇ ಇತ್ತು, ಬಿಬಿ ಮಾತ್ರ ಅಲ್ಲಾಡಲಿಲ್ಲ. ಆ ಸದ್ದು ನನಗೆ ಗೊತ್ತು.

"ಎಡಗಡೆದು" ಅಂದೆ.

"ಎಡಗಡೆದೇ ಅತ್ತಿಗೆ" ಅಂದ ಸಾಲೆಹೆ.

"ಸರಿ, ಮುಂದಿನ ಚಕ್ರಕ್ಕೆ ಹಾಕು. ಮುಂದಿಂದ ಎಳ್ಕೊಂಡು ಹೋಗ್ಲಿ. ನಿಮ್ಮಣ್ಣ ಎಷ್ಟು ಸಲ ಹಾಗೆ ಮನೆಗೆ ತಂದಿದ್ದಾನೆ."

ನಾಲ್ಕು ಚಕ್ರದ ಗಾಡಿಗೆ ಅದೊಂದು ಪುಣ್ಯ, ಹಿಂದಿನದು ಕೈಕೊಟ್ಟರೆ ಮುಂದಿನದು ಎಳೆಯುತ್ತದೆ. ಸಾಲೆಹೆ ಮುಂದಿನ ಚಕ್ರಕ್ಕೆ ಹಾಕುವ ಕೆಂಪು ಗುಂಡಿನ ಲಿವರನ್ನು ಮುಟ್ಟಲಿಲ್ಲ. ಕಿಟಕಿಯಿಂದ ಆಚೆ ಮರ ನೋಡುತ್ತಾ ಕೂತ.

"ಏನೋ?"

"ಮುಂದಿನ ಪ್ರೊಪೆಲ್ಲರ್ ಶಾಫ್ಟು ಇಲ್ಲ ಅತ್ತಿಗೆ."

"ಇಲ್ಲ ಅಂದ್ರೆ?"

"ಬೇಸಿಗೇಲಿ ಬಿಚ್ಚಿಟ್ಟಿದ್ದೆ. ಪೆಟ್ರೋಲ್ ಉಳಿಯತ್ತೆ ಅಂತ. ಎಲ್ರೂ ಬಿಚ್ಚಿಡ್ತಾರೆ. ಮಳೆ ಇಷ್ಟು ಬೇಗ ಬರತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಎಲ್ಲಿದೆ ಅದು?"

"ಕೋಳಿಗೂಡಲ್ಲಿ. ಕೋಳಿಗಳು ರಾತ್ರಿ ಅದರ ಮೇಲೆ ಕೂರ್ತವೆ."

ಅವನನ್ನು ಬೈದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಚಕ್ರಗಳಿಗೆ ಇಂಜಿನ್ನಿನ ಬಲ ಒಯ್ಯುವ ಆ ಶಾಫ್ಟನ್ನು ಪೆಟ್ರೋಲು ಉಳಿಸಲು ಬಿಚ್ಚಿಡುವುದು ನಮ್ಮ ಬೆಟ್ಟದ ಎಲ್ಲ ಜಾಣರೂ ಮಾಡುವ ಕೆಲಸ. ಮಳೆಗೆ ಮುಂಚೆ ಮತ್ತೆ ಹಾಕಬೇಕು ಅನ್ನುವುದನ್ನು ಅರ್ಧ ಜನ ಮರೆಯುತ್ತಾರೆ. ನಾಲ್ಕು ಚಕ್ರದ ಗಾಡಿಯನ್ನು ಎರಡು ಚಕ್ರದ್ದು ಮಾಡಿ, ಆ ಎರಡರಲ್ಲಿ ಒಂದನ್ನು ಮುರಿದು, ನಾವಿಬ್ಬರೂ ಕೋಸಿನ ರಾಶಿಯ ಮುಂದೆ ಕೂತಿದ್ದೆವು. ಹಿಂದೆ ಇಪ್ಪತ್ತು ಮನೆಯ ಬೆಳೆ. ಸಂಜೆಯ ಲಾರಿ ತಪ್ಪಿದರೆ ಮರಸೇಬು ಕೊಳೆಯಲು ಶುರುವಾಗುತ್ತದೆ. ಆ ಹೆಂಗಸರು ಏನೂ ಅನ್ನುವುದಿಲ್ಲ, ಅದೇ ನನಗೆ ತಡೆಯಲಾಗದ್ದು.

"ಲುಶೋಟೊದಲ್ಲಿ ಹೊಸ ಶಾಫ್ಟು ಸಿಗತ್ತಾ?"

"ಟಾಂಗಾದಿಂದ ತರಿಸ್ಬೇಕು. ವಾರ ಆಗ್ಬಹುದು" ಅಂದ ಸಾಲೆಹೆ. ಸ್ಟೇರಿಂಗನ್ನು ಉಗುರಲ್ಲಿ ಕೆರೆಯುತ್ತಾ, "ಒಂದು ಶಾಫ್ಟು ಮಗಂಬಾದಲ್ಲೇ ಇದೆ. ನಿಮಗೂ ಗೊತ್ತು" ಅಂದ.

ಗೊತ್ತಿತ್ತು. ಕೊಡೆ ತೆಗೆದುಕೊಂಡು ಇಳಿದು ನಡೆದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಇಷ್ಟು ದಿನದಲ್ಲಿ ಆ ಝಿಗುವಾ ಅದನ್ನು ಬಡಿದು ಹಾರೆ ಮಾಡಿಕೊಂಡಿರುತ್ತಾನೆ. ಹಳೇ ಶಾಫ್ಟಿನಿಂದ ಒಳ್ಳೇ ಹಾರೆಯಾಗುತ್ತದೆ, ಎಲ್ಲರ ಮನೆಯಲ್ಲೂ ಒಂದೊಂದಿದೆ. ತುದಿ ಬಡಿದು ಚಪ್ಪಟೆ ಮಾಡಿದ್ದರೆ ಗೇರಿಗೆ ಕಚ್ಚಿಕೊಳ್ಳುವ ಹಲ್ಲು ಹೋಯಿತು, ಹಲ್ಲು ಹೋದರೆ ಬಿಬಿ ಹೂಕುಂಡವಾಯಿತು.

ಸೆಂಬೋಜಾನ ಷೆಡ್ಡಿನ ಮುಂದೆ ಒಂದು ಮಿನಿಬಸ್ಸು ಜಾಕಿನ ಮೇಲೆ ನಿಂತಿತ್ತು. ಅದರ ಕೆಳಗಿನಿಂದ ಎರಡು ಕಾಲು ಕಾಣುತ್ತಿದ್ದವು.

"ಸೆಂಬೋಜಾ, ಶಾಫ್ಟು ತಗೊಂಡು ಹೋಗೋಕೆ ಬಂದಿದ್ದೀನಿ" ಅಂದೆ.

ಕಾಲುಗಳು ಅಲ್ಲಾಡಲಿಲ್ಲ. "ಯಾರಪ್ಪ ಅದು ಸೆಂಬೋಜಾ? ಇಲ್ಲಿ ನನ್ನನ್ನ ಮ್ತಾನಿ ಅಂತ ಕರೆಯೋ ಒಬ್ಬಳು ಬರ್ತಿದ್ದಳು. ಅವಳ ದನಿ ಹಾಗೇ ಇದೆ."

"ಆಟಕ್ಕೆ ಹೊತ್ತಿಲ್ಲ. ಏರಿನಲ್ಲಿ ಗಾಡಿ ನಿಂತಿದೆ. ಹಿಂದಿನ ಎಡಗಡೆದು ಮುರೀತು."

ಅವನು ತೆವಳಿಕೊಂಡು ಆಚೆ ಬಂದ. ಕೈ ಒರೆಸಿಕೊಂಡ. ಗಡ್ಡ ಬೆಳ್ಳಗಾಗಿತ್ತು, ನನಗೆ ಅದು ಹೊಸತು. "ಮುರೀತಾ?" ಅಂದ, ಒಳ್ಳೆಯ ಸುದ್ದಿ ಕೇಳಿದವನ ಮುಖದಲ್ಲಿ. "ಎಡಗಡೆದೇನಾ?"

"ನಗಬೇಡ. ಎಷ್ಟು ಕೊಡಬೇಕು ಹೇಳು." ಸೆರಗಿನ ಗಂಟು ಬಿಚ್ಚಿ ಇದ್ದ ಶಿಲಿಂಗುಗಳನ್ನು ಮುಂದೆ ಹಿಡಿದೆ.

ಅವನು ದುಡ್ಡಿನ ಕಡೆ ನೋಡಲೂ ಇಲ್ಲ. ಟಯರಿನ ಮೇಲೆ ಕೂತು ಲೋಟಕ್ಕೆ ಚಹಾ ಹಾಕಿಕೊಂಡ. "ದುಡ್ಡಿಗೆ ಬಿಡಿಸೋದಾಗಿದ್ರೆ ಸಾಲೆಹೆ ಕೈಲಿ ಕಳಿಸಿದ್ರೆ ಆಗ್ತಿತ್ತು. ನನಗೆ ದುಡ್ಡು ಬೇಡ. ಬೈ."

"ಏನು?"

"ಬೈ ಅಂದೆ. ವರ್ಷದ ಮೇಲಾಯ್ತು ನೀನು ನನ್ನ ಬೈದು. ನನ್ನ ಮದುವೇಲಿ ಏನಂದಿದ್ದೆ ನೆನಪಿದೆಯಾ? ಈ ಹುಡುಗಿಗೆ ಕಣ್ಣು ಕಾಣಲ್ಲವಾ, ಮೊದಲೇ ಹೇಳಬಾರದಿತ್ತಾ ಅಂದಿದ್ದೆ. ನಮ್ಮತ್ತೆ ನಗ್ತಾ ನಗ್ತಾ ಬಿದ್ದಳು. ಆಮೇಲೆ ಮಗಂಬಾ ದಾಟುವಾಗ ಮುಖ ತಿರುಗಿಸ್ಕೊಂಡು ಹೋಗ್ತೀಯ. ಮ್ತಾನಿಗೆ ಅದಕ್ಕಿಂತ ಅವಮಾನ ಇದೆಯಾ? ಬೈ, ಶಾಫ್ಟು ತಗೊಂಡು ಹೋಗು."

"ಕೋಸು ಬಾಡ್ತಾ ಇದೆ, ಸೆಂಬೋಜಾ."

"ಬೇಗ ಬೈ ಹಾಗಿದ್ರೆ."

"ನೀನು ಸೋಮಾರಿ" ಅಂದೆ.

ಅವನು ಆಕಳಿಸಿದ. "ಇದು ಶಾಲೆ ಮೇಷ್ಟ್ರು ಬೈದ ಹಾಗಾಯ್ತು."

"ಬಿಸಿಲಿಗೆ ಒಣಗಿದ ಝಿಗುವಾ. ನಿಮ್ಮ ಬಯಲಲ್ಲಿ ನೀರಿಲ್ಲ ಅಂತ ನಮ್ಮ ಬೆಟ್ಟಕ್ಕೆ ಬಂದು ಸೇರ್ಕೊಂಡವನು."

"ಅದು ನಿಮ್ಮಜ್ಜಿ ನಮ್ಮಜ್ಜನಿಗೆ ಬೈದದ್ದು. ಹೊಸದು ಹೇಳು, ಕೋಸು ತಿನ್ನೋಳೆ."

ಅವನು ಲೋಟ ಎತ್ತಿ ಒಂದು ಗುಟುಕು ಕುಡಿದ. ಆ ಚಹಾ ನೋಡಿದ್ದೇ ನನಗೆ ಎಲ್ಲಿತ್ತೋ ಸಿಟ್ಟು, ಬಂದುಬಿಟ್ಟಿತು.

"ನಾಚಿಕೆ ಇಲ್ವೇನೋ ನಿನಗೆ? ಅವನ ಟೋಪಿ ಹಾಕ್ಕೊಂಡು, ಅವನ ಸೀಟಲ್ಲಿ ಕೂತು, ಅವನ ಕೆಮ್ಮು ಕೆಮ್ಮಿದೆಯಲ್ಲ. ಒಳಗೆ ನಾನು ಎದ್ದು ನಿಂತಿದ್ದೆ ಕಣೋ. ಗಂಡ ಬಂದ ಅಂತ ಚಹಾ ಬಗ್ಗಿಸೋಕೆ ಎದ್ದಿದ್ದೆ. ಕೆಟಲ್ ಹಿಡಿದ ಕೈ ಸುಟ್ಟುಕೊಂಡೆ. ಅಣಕಿಸಬೇಕು ಸರಿ, ಅಷ್ಟು ಚೆನ್ನಾಗಿ ಅಣಕಿಸಬೇಕಾ? ಎಲ್ಲರೂ ನಕ್ಕರು. ನನಗೆ ಅವನು ಎರಡನೇ ಸಲ ಸತ್ತ."

ಮುಖವನ್ನು ಕಂಗಾದಿಂದ ಮುಚ್ಚಿಕೊಂಡು ನಿಂತೆ. ಅಲ್ಲೇ ಕೂತಿದ್ದ ಮಿನಿಬಸ್ಸಿನ ಡ್ರೈವರು ತನಗೇನೋ ಕೆಲಸವಿದೆ ಅನ್ನುವ ಹಾಗೆ ಆಚೆ ಹೋದ.

ಸೆಂಬೋಜಾ ಲೋಟ ಕೆಳಗಿಟ್ಟ. ಆಮೇಲೆ ಮೆಲ್ಲಗೆ ಹೇಳಿದ.

"ಅವನೇ ಕಲಿಸಿದ್ದು, ಮಾಮಾ ಝೈನಾ."

"ಯಾರು?"

"ಬಕಾರಿ. ಆಸ್ಪತ್ರೆಯಲ್ಲಿ. ನೀನು ಅಡುಗೆಗೆ ಅಂತ ಮನೆಗೆ ಹೋದಾಗ ನಾನು ಕೂತಿರ್ತಿದ್ದೆನಲ್ಲ. ನನ್ನ ಸಾವಲ್ಲಿ ಮರ್ಯಾದೆ ತೆಗೀಬೇಡ, ಸರಿಯಾಗಿ ಮಾಡು ಅಂತ ಮಂಚದ ಮೇಲೆ ಮಲಗಿದ್ದ ಹಾಗೇ ಕಲಿಸಿದ. ಬ್ರೇಕು ಎರಡು ಸಲ ಒತ್ತಿದ್ರೆ, ಎರಡಲ್ಲೋ ಮೂರು ಅಂತ ಬೈದ. ಕೆಮ್ಮನ್ನ ಎಷ್ಟು ಸಲ ಮಾಡಿಸಿದ ಗೊತ್ತಾ? ನರ್ಸು ಬಂದು ಇಬ್ಬರಲ್ಲಿ ರೋಗಿ ಯಾರು ಅಂತ ಕೇಳಿದಳು."

ನಾನು ಕಂಗಾ ಸರಿಸಿ ಅವನ ಮುಖ ನೋಡಿದೆ. ಸುಳ್ಳು ಹೇಳುವಾಗ ಸೆಂಬೋಜಾ ಮೂಗು ತುರಿಸಿಕೊಳ್ಳುತ್ತಾನೆ. ಈಗ ತುರಿಸಿಕೊಳ್ಳಲಿಲ್ಲ.

"ಶಾಫ್ಟೂ ಅವನೇ ಹೇಳಿದ್ದು. ನಾನು ರೇಡಿಯೋ ತಗೊಂಡು ಹೋಗ್ತೀನಿ ಅಂದಿದ್ದೆ. ಬೇಡ ಅಂದ. ನನ್ನ ಹೆಂಡತಿಗೆ ಜಂಬ ಜಾಸ್ತಿ, ರೇಡಿಯೋ ಹೋದ್ರೆ ಹೋಗ್ಲಿ ಅಂತ ಬಾಗಿಲು ಹಾಕ್ಕೊಂಡು ಕೂತ್ಬಿಡ್ತಾಳೆ. ಎಡಗಡೆ ಶಾಫ್ಟು ತಗೊಂಡು ಹೋಗು. ಅದು ಮುರಿದೇ ಮುರಿಯತ್ತೆ. ಮುರಿದ ದಿನ ಬಂದೇ ಬರ್ತಾಳೆ. ಬಂದ್ರೆ ಬೈಸ್ಕೊಂಡು ಕಳಿಸು, ಅವಳು ಬೈಯೋಕೆ ಶುರು ಮಾಡಿದ್ರೆ ಸರಿ ಹೋದಳು ಅಂತ ಲೆಕ್ಕ ಅಂದ."

ನನಗೆ ಮೊದಲು ಬಂದದ್ದು ಅಳುವೇ. ಅದರ ಹಿಂದೆಯೇ ನಗು ಬಂತು, ತಡೆಯಲಿಕ್ಕಾಗಲಿಲ್ಲ. ಇಡೀ ಜೀವಮಾನ ಆ ಗಾಡಿಯನ್ನು ಒಂದು ಸಲವೂ ನಂಬದ ಮನುಷ್ಯ, ಸಾಯುವಾಗ ಅದರ ಮುರಿಯುವ ಗುಣವನ್ನು ನಂಬಿಕೊಂಡು ಹೋಗಿದ್ದ.

"ಮುಂಡೇದು" ಅಂದೆ. "ಇಬ್ಬರೂ ಮುಂಡೇವು. ಒಬ್ಬ ಸತ್ತೂ ಬಿಡಲ್ಲ, ಇನ್ನೊಬ್ಬ ಬದುಕಿದ್ದೂ ಪ್ರಯೋಜನ ಇಲ್ಲ. ನಿನ್ನ ಗಡ್ಡಕ್ಕೆ ಬೆಂಕಿ ಹಾಕ, ವರ್ಷಪೂರ್ತಿ ಬಾಯಿ ಮುಚ್ಕೊಂಡು ಕೂತಿದ್ದೆಯಲ್ಲೋ, ಹೆಣ ನುಂಗಿದ ಕತ್ತೆಕಿರುಬನ ಹಾಗೆ. ಒಂದು ಮಾತು ಬಂದು ಹೇಳೋಕೆ ನಿನ್ನ ಕಾಲು ಯಾರ ಜಾಕಿನ ಮೇಲೆ ನಿಂತಿತ್ತು?"

ಸೆಂಬೋಜಾ ಕಣ್ಣು ಮುಚ್ಚಿ, ಹಾಡು ಕೇಳುವವನಂತೆ ತಲೆದೂಗಿದ. "ಅದು" ಅಂದ. "ಅದು ಬೈಗುಳ. ಹೋಗೋಣ ನಡಿ, ಮ್ತಾನಿ."

ಷೆಡ್ಡಿನ ಮಾಡಿನ ತೊಲೆಗೆ ಶಾಫ್ಟು ನೇತಾಡುತ್ತಿತ್ತು. ಗೋಣಿ ಸುತ್ತಿ, ಗ್ರೀಸು ಬಳಿದು, ಹಗ್ಗ ಬಿಗಿದು ಇಟ್ಟಿದ್ದ. ಬಿಚ್ಚಿದರೆ ಎರಡೂ ತುದಿಯ ಹಲ್ಲುಗಳು ಅಂಗಡಿಯಿಂದ ಈಗಷ್ಟೇ ತಂದ ಹಾಗಿದ್ದವು. ಒಂದು ಬಾಡಿಗೆಯ ಬೊಡಾ ಬೈಕಿನ ಮೇಲೆ ಅವನೂ ನಾನೂ ಕೂತು, ಶಾಫ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಏರಿಗೆ ಬಂದೆವು. ಎದುರು ಬಂದವರೆಲ್ಲ ದಾರಿ ಬಿಟ್ಟು ನಿಂತರು.

ಚಕ್ರದ ನಡುವಿನ ಬೋಲ್ಟು ಬಿಚ್ಚಿ ಮುರಿದ ತುಂಡನ್ನು ಎಳೆದದ್ದು ಸುಲಭವಾಯಿತು. ಇನ್ನೊಂದು ತುಂಡು ಒಳಗೇ ಉಳಿದಿತ್ತು. ಸೆಂಬೋಜಾ ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ಕೋಲಿನ ತುದಿಗೆ ಕಟ್ಟಿ, ಒಳಗೆ ಬಿಟ್ಟು, ಕೆಸರಿನಲ್ಲಿ ಕೆನ್ನೆಯಿಟ್ಟು ಮಲಗಿ, ಮೀನು ಹಿಡಿಯುವವನಂತೆ ಕಾದ. ಎರಡು ಸಲ ಜಾರಿತು. ಮೂರನೆಯ ಸಲ ಬಂತು. ಸಾಲೆಹೆ ಪಕ್ಕದಲ್ಲಿ ನಿಂತು ಪಾನಾ ಕೊಡುತ್ತಿದ್ದ. ಗಾಡಿಯ ಹೊಟ್ಟೆಯಡಿಯಿಂದ ಮಾತು ಕೇಳಿತು.

"ಸಾಲೆಹೆ, ಮುಂದಿನ ಪ್ರೊಪೆಲ್ಲರ್ ಶಾಫ್ಟು ಎಲ್ಲಪ್ಪ?"

ಸಾಲೆಹೆ ನನ್ನ ಕಡೆ ನೋಡಿದ. ನಾನು ಆಚೆ ಮರ ನೋಡಿದೆ.

"ಕೋಳಿಗೂಡಲ್ಲಿ" ಅಂದ.

"ಒಳ್ಳೇದು. ಕೋಳಿ ಕಾವು ಕೊಟ್ಟು ಶಾಫ್ಟು ಮರಿ ಮಾಡಿದ್ರೆ ನನಗೊಂದು ಕೊಡು. ನೀವು ಮುರಿಯೋ ಲೆಕ್ಕಕ್ಕೆ ನನ್ನ ಹತ್ರ ಒಂದು ಇರಬೇಕಾಗತ್ತೆ."

ಹೊಸ ಶಾಫ್ಟು ಒಳಗೆ ಸರಿದು ಹಲ್ಲಿಗೆ ಹಲ್ಲು ಕೂತಾಗ ಸಣ್ಣ ಸದ್ದಾಯಿತು. ಸಾಲೆಹೆ ಗೇರು ಹಾಕಿದ. ಬಿಬಿ ಒಮ್ಮೆ ನಡುಗಿ, ಕಲ್ಲಿನಿಂದ ಇಳಿದು, ಏರು ಹತ್ತಿ ನಿಂತಿತು. ನನ್ನ ಎದೆಯೊಳಗಿನ ಕಲ್ಲೂ ಇಳಿಯಿತು ಅಂದರೆ ಸುಳ್ಳಲ್ಲ.

ಅಷ್ಟರಲ್ಲಿ ಫೋನು ಬಂತು. ಅರುಷಾದ ಕವಿಶೆ.

"ಮಾಮಾ, ಗಾಡಿ ದಾರೀಲಿ ಕೆಟ್ಟು ನಿಂತಿದೆ ಅಂತ ಯಾರೋ ಹೇಳಿದ್ರು. ಚಿಂತೆ ಮಾಡಬೇಡಿ. ನಾನೇ ದೊಡ್ಡ ಲಾರಿ ಕಳಿಸ್ತೀನಿ, ಎತ್ಕೊಂಡು ಬರ್ತಾರೆ."

ನಾನು ಇಳಿದು ಹೋಗಿ ಫೋನನ್ನು ಬಾನೆಟ್ಟಿನ ಮೇಲೆ ಹಿಡಿದೆ. ಬಿಬಿ ತನ್ನ ಮಾತು ಪೂರ್ತಿ ಆಡಿಕೊಂಡಿತು. ವಾಪಸು ಕಿವಿಗಿಟ್ಟುಕೊಂಡಾಗ ಅವನು "ಹಲೋ, ಹಲೋ, ಏನು ಸದ್ದು ಅದು?" ಅನ್ನುತ್ತಿದ್ದ.

"ಹೂವಿನ ಗಿಡಕ್ಕೆ ಬೇರೆ ಕುಂಡ ನೋಡ್ಕೊಳ್ಳಿ ಬ್ವಾನಾ" ಅಂದೆ.

ಇನ್ನೂ ಖರ್ಚುಗಳಿವೆ, ಗೊತ್ತು. ಬಲಗಡೆಯ ಸ್ಪ್ರಿಂಗ್ ಪಟ್ಟಿ ಸೀಳಿದೆ. ಚಾಸಿಗೆ ತುಕ್ಕು ಹಿಡಿದಿದೆ. ಮುಂದಿನ ಮಳೆಗೆ ಇನ್ನೇನು ಕೈಕೊಡುತ್ತದೋ. ಕೊಡಲಿ. ಮಗಂಬಾ ದಾರಿಯಲ್ಲೇ ಇದೆ.

ಸೆಂಬೋಜಾ ದುಡ್ಡು ತೆಗೆದುಕೊಳ್ಳಲಿಲ್ಲ. ಮುರಿದ ಎರಡು ತುಂಡುಗಳನ್ನು ಗೋಣಿಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. "ಇದು ನನ್ನ ಹತ್ರ ಇರ್ಲಿ. ಬಿಡಿಸ್ಕೊಂಡು ಹೋಗೋಕೆ ಬಾ" ಅಂದ.

"ಮುರಿದದ್ದನ್ನ ಯಾರು ಬಿಡಿಸ್ಕೋತಾರೆ?"

"ಬೈಯೋಕಾದ್ರೂ ಬರ್ತೀಯಲ್ಲ."

ಮಗಂಬಾದ ತನಕ ಬರುತ್ತೇನೆ ಅಂತ ಹಿಂದಿನ ತೊಟ್ಟಿಗೆ ಹತ್ತಿ ಕೋಸಿನ ಮೇಲೆ ಕೂತ. ಸಾಲೆಹೆ ಗಾಡಿ ಬಿಟ್ಟ. ದಾರ್ ಲಾರಿಗೆ ಇನ್ನೂ ಹೊತ್ತಿತ್ತು. ಮೋಡ ಸರಿದು ಬೆಟ್ಟದ ಮೇಲೆ ಬಿಸಿಲು ಬಿದ್ದಿತ್ತು. ಇಳಿಜಾರಿನ ತಿರುವಿನಲ್ಲಿ ಸಾಲೆಹೆ ಬ್ರೇಕನ್ನು ಒಂದು, ಎರಡು, ಮೂರು ಸಲ ಒತ್ತಿದ. ಆಗ ಹಿಂದಿನಿಂದ ಕೆಮ್ಮು ಕೇಳಿತು. ಎರಡು ಸಣ್ಣದು, ಒಂದು ದೊಡ್ಡದು.

ಸಾಲೆಹೆ ಬೆದರಿ ನನ್ನ ಮುಖ ನೋಡಿದ. ನಾನು ಸೀಟಿನ ಕೆಳಗಿದ್ದ ಫ್ಲಾಸ್ಕು ತೆಗೆದೆ. ಚಹಾ ಇನ್ನೂ ಬಿಸಿಯಾಗಿತ್ತು. ಲೋಟಕ್ಕೆ ಬಗ್ಗಿಸಿ, ಹಿಂದಿನ ಕಿಟಕಿ ಸರಿಸಿ, ಕೈ ಆಚೆ ಚಾಚಿದೆ.